ಎರಡು ಜೇಬಿನ ಗುರುಶಾಂತಪ್ಪ

ಬನ್ನಿ, ಕೂತ್ಕೊಳ್ಳಿ. ಫ್ಯಾನು ಮಾತ್ರ ಹಾಕಬೇಡಿ,
ನಿಮ್ಮ ವಂಶವೆಲ್ಲ ಹಾರಿಹೋದೀತು.
ಹಳೇ ಕಾಗದ, ಹಪ್ಪಳದ ಜಾತಿ,
ಜೋರಾಗಿ ಮಾತಾಡಿದರೂ ಮುರಿಯುತ್ತದೆ.

ನಮ್ಮಜ್ಜ ಹೆಳವರ ಕೆಂಚಪ್ಪ
ಎತ್ತಿನ ಮೇಲೆ ಕೂತು, ಗಂಟೆ ಅಲ್ಲಾಡಿಸುತ್ತ
ಅರಸೀಕೆರೆಯ ಕೊಬ್ಬರಿ ಮಂಡಿಗಳ ಮುಂದೆ
ನಿಮ್ಮ ತಲೆಮಾರುಗಳನ್ನು ಒಂದೇ ಉಸಿರಲ್ಲಿ ಒಪ್ಪಿಸುತ್ತಿದ್ದ:
ಕರಿವೀರಪ್ಪನ ಮಗ ಓಂಕಾರಪ್ಪ,
ಓಂಕಾರಪ್ಪನ ಮಗ ಗುರುಶಾಂತಪ್ಪ...
ಅವನ ಬಾಯಲ್ಲಿ ಎಲ್ಲರೂ ದಾನಿಗಳು, ಧೀರರು,
ಹುಲಿಯ ಮೀಸೆ ಎಣಿಸಿ ಬಂದವರು.
ಮೊರದ ತುಂಬ ರಾಗಿ ಸುರಿದವರನ್ನು
ಇನ್ನೇನನ್ನುತ್ತಾನೆ, ಪಾಪ.

ನಾನು ಎತ್ತು ಬಿಟ್ಟೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ
ಮೂವತ್ತೊಂದು ವರ್ಷ ಧೂಳು ಕುಡಿದೆ.
ಅಜ್ಜನ 'ಮಗ' ಅಲ್ಲಿ 'ಬಿನ್' ಆಗಿತ್ತು,
ಕಡತ ಬಿಚ್ಚಿದರೆ ಬಿನ್ ಬಿನ್ ಬಿನ್,
ಜೇನುಗೂಡಿಗೆ ಕಿವಿಯಿಟ್ಟ ಹಾಗೆ.
ಈಗ ಈ ಬಿಸ್ಕತ್ತಿನ ಡಬ್ಬವೇ ನನ್ನ ಎತ್ತು.
ಒಳಗಿರುವುದು ಹಾಸನದ 'ಯಗಚಿ ವಾರ್ತೆ'ಯ ತುಣುಕುಗಳು.
ಆ ಪತ್ರಿಕೆಗೆ ಯಾರೂ ರಾಗಿ ಸುರಿದಿರಲಿಲ್ಲ.

ಪಾಳೆಯಗಾರರ ರಕ್ತ ಹುಡುಕಿಕೊಡಿ ಅಂದಿದ್ದಿರಿ.
ಸಿಕ್ಕಿದ್ದು ಒಂದು ಕೊಡೆ. ಇಸವಿ ಮೂವತ್ತನಾಲ್ಕು:
"ಜಂಕ್ಷನ್ನಿನ ಎರಡನೇ ಪ್ಲಾಟ್‌ಫಾರಮ್ಮಿನಲ್ಲಿ
ಗಿಳಿಮೂತಿ ಹಿಡಿಯ ಕೊಡೆ ಕಳುವಾಗಿದೆ.
ಕಳ್ಳನ ಗುರುತು ನನಗುಂಟು. ತಾನಾಗಿ ತಂದರೆ ಎಂಟಾಣೆ ಇನಾಮು.
ಇಂತಿ, ಗುರುಶಾಂತಪ್ಪ, ಕೊಬ್ಬರಿ ವರ್ತಕರು."
ಮುಂದಿನ ವಾರ, ಅದೇ ಮೂಲೆ, ಇನ್ನೂ ಸಣ್ಣಕ್ಷರ:
"ಕೊಡೆಯು ಮನೆಯ ಕದದ ಹಿಂದೆ ಸಿಕ್ಕಿರುತ್ತದೆ.
ಕಳ್ಳರು ಕ್ಷಮಿಸಬೇಕು."

ನಗಿ, ನಗಿ. ನಿಮ್ಮ ಮುತ್ತಾತನೇ.

ಆಮೇಲೆ ಒಮ್ಮೆ ಅವರನ್ನು ಸಾಯಿಸಿಯೂ ಬಿಟ್ಟರು.
ತೀರಿಕೊಂಡವರು ಬಾಣಾವರದ ಗುರುಶಾಂತಪ್ಪ,
ಅಚ್ಚಾದವರು ನಿಮ್ಮವರು. ಮರುವಾರದ ತಿದ್ದುಪಡಿ ಓದಿ:
"ಲಿಂಗೈಕ್ಯರಾಗಿದ್ದ ಶ್ರೀಯುತರು ಖುದ್ದು ಕಚೇರಿಗೆ ಬಂದು
ತಾವು ಬದುಕಿರುವುದಾಗಿ ತಿಳಿಸಿರುತ್ತಾರೆ.
ಇದಕ್ಕಾಗಿ ವಿಷಾದಿಸುತ್ತೇವೆ."

ಮುಂದಿನದು ನಿಮ್ಮ ಸೋದರತ್ತೆ ದಾಕ್ಷಾಯಿಣಮ್ಮ ಹೇಳಿದ್ದು,
ಕಾಗದದಲ್ಲಿಲ್ಲ: ಕೋಟಿನ ಎಡಜೇಬಲ್ಲಿ ಸಾವು,
ಬಲಜೇಬಲ್ಲಿ ತಿದ್ದುಪಡಿ ಇಟ್ಟುಕೊಂಡೇ ಓಡಾಡಿದರಂತೆ.
ಸಾಲ ವಸೂಲಿಗೆ ಬಂದ ತಿಪಟೂರಿನ ಗುಮಾಸ್ತೆಗೆ ಎಡದ್ದು,
ತಮಗೆ ಬರಬೇಕಾದ ಬಾಕಿಗೆ ಬಲದ್ದು.
ಒಂದು ಸಲ ಕತ್ತಲಲ್ಲಿ ಜೇಬು ತಪ್ಪಿ
ಬಾಕಿದಾರನ ಕೈಗೆ ಸಾವನ್ನು ಕೊಟ್ಟರು.
ಅವನು ತಲೆಗೆ ಟವಲು ಹಾಕಿಕೊಂಡು ಗೊಳೋ ಅಂತ ಅತ್ತ.
ದುಡ್ಡು ಕೊಡಲಿಲ್ಲ.

ಇನ್ನೊಂದಿದೆ. ತಡೀರಿ, ಕನ್ನಡಕ.

ಅವರ ಹೆಂಡತಿಯ ಹೆಸರು ನನ್ನ ಪಟ್ಟಿಯಲ್ಲಿ ಇರಲಿಲ್ಲ.
ಅಜ್ಜನ ಹಾಡಿನಲ್ಲಿ ಇಲ್ಲ, ಪಹಣಿಯಲ್ಲಿ ಇಲ್ಲ,
ದಾಕ್ಷಾಯಿಣಮ್ಮನಿಗೂ ಅವರು ಬರೀ 'ಅವ್ವ'.
ಒಂಬತ್ತು ಮಕ್ಕಳ ಮೇಲೆ ಒಂದು ಖಾಲಿ ಚೌಕ.
ಹೋದ ಆಷಾಢದಲ್ಲಿ, ಪುರಸಭೆಯ ದಂಡದ ಕಾಲಮ್ಮಿನಲ್ಲಿ, ಸಿಕ್ಕಿತು:
"ಈರಗಂಗಮ್ಮ ಕೋಂ ಗುರುಶಾಂತಪ್ಪ, ಇವರ ಎಮ್ಮೆಯು
ಗೋಡೆಯ ಹರಾಜು ನೋಟೀಸನ್ನು ತಿಂದದ್ದಕ್ಕೆ ಆರಾಣೆ.
ಎಮ್ಮೆಯ ಪರ ತಾವೇ ವಾದಿಸಿದ ಆ ಹೆಂಗಸು,
'ಗಂಜಿ ಹಚ್ಚಿ ಬಡಿಸಿದವರು ನೀವು,
ಉಂಡದ್ದೊಂದು ತಪ್ಪೇ?' ಎಂದು ಕೇಳಿ
ಸಭೆಯನ್ನು ನಗಿಸಿದರು."

ಕೋಂ. ಅಷ್ಟು ಬಿನ್‌ಗಳ ನಡುವೆ ಒಂದೇ ಒಂದು.
ಅವತ್ತು ಒಂದು ಎಮ್ಮೆಗೆ ಹಸಿವಾಗದಿದ್ದರೆ
ನಿಮ್ಮ ಮುತ್ತಜ್ಜಿ ಹುಟ್ಟಿಯೇ ಇರಲಿಲ್ಲ, ಕಾಗದದ ಮಟ್ಟಿಗೆ.
ಮುತ್ತಾತ ಸತ್ತೇ ಇಲ್ಲ, ಅದೂ ಕಾಗದದ ಮಟ್ಟಿಗೆ:
ನಿಜವಾಗಿ ಹೋದಾಗ ಪತ್ರಿಕೆಯೇ ನಿಂತುಹೋಗಿತ್ತು.
'ಬದುಕಿರುವುದಾಗಿ ತಿಳಿಸಿರುತ್ತಾರೆ' ಎಂಬಲ್ಲಿಗೆ
ನನ್ನ ದಾಖಲೆ ಮುಗಿಯುತ್ತದೆ. ನಾನು ಹಾಗೇ ಬಿಟ್ಟಿದ್ದೇನೆ.

ಪಾಳೆಯಗಾರರು? ಸಿಗಲಿಲ್ಲ, ಕ್ಷಮಿಸಿ.
ಆ ಎಮ್ಮೆಗೆ ಏನಂತ ಕರೆಯುತ್ತಿದ್ದರೋ,
ನಿಮ್ಮಲ್ಲಿ ಯಾರಿಗಾದರೂ ನೆನಪಾದರೆ ಒಂದು ಫೋನು ಮಾಡಿ.
ಕೊಂಬು ಅದಕ್ಕೆ ಮೊದಲೇ ಇತ್ತು,
ಒಂದು ಕೊಂಬೆಯನ್ನೂ ಬಿಟ್ಟಿರೋಣ ಅಂತ.